ಅರ್ಜಿಯಲ್ಲಿ ಬರೆಯದ ಊರು

ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗ, ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ನಾನು ಹೆಂಡತಿಗೆ ಒಂದು ಸುಳ್ಳು ಹೇಳಿದೆ. ಈಗ ಅವಳಿಲ್ಲ.

ನನಗೆ ದೇಶ ನೋಡುವ ಹುಚ್ಚು. ಒಂದೇ ದೇಶದಲ್ಲಿ ಹಿಮವೂ ಮರಳುಗಾಡೂ ಇದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಕಲ್ಲಿನ ಖಣಿ, ತೊಗರಿ ಹೊಲ, ಸಿಮೆಂಟಿನ ಧೂಳು. ಆ ವರ್ಷ ಹದಿನಾಲ್ಕು ದಿನ ರಜೆ ಸಿಕ್ಕಿತು. ಹೋಗುವಾಗ ಕಾಶ್ಮೀರ, ಬರುವಾಗ ಜೈಸಲ್ಮೇರ್ ಎಂದು ನಕಾಶೆಯ ಮೇಲೆ ಗೆರೆ ಎಳೆದೆ.

"ಅಷ್ಟು ಥಂಡಿಗಿ ಕೌದಿ ಸಾಕೇನ್ರಿ?" ಅಂದಳು ಹೆಂಡತಿ.

"ಕೌದಿ ಹೊತ್ಕೊಂಡು ಹಿಮದಾಗ ಅಡ್ಡಾಡ್ತಿ ಏನು?"

ನಕ್ಕಳು. ಆಮೇಲೆ ಮೆಲ್ಲಗೆ, "ನಡುವ ಭುಸಾವಳದಾಗ ಎರಡು ದಿನ ಇಳಿಯೋಣ್ರಿ. ಅಕ್ಕನ್ನ ನೋಡಬೇಕು" ಅಂದಳು.

ಅವಳ ಅಕ್ಕನ ಗಂಡ ಅಲ್ಲಿ ಲೋಕೋ ಶೆಡ್ಡಿನಲ್ಲಿದ್ದ. ಹಿಂದಿನ ವರ್ಷ ತವರೂರು ಕೊಡ್ಲಿಯಲ್ಲಿ ಇವರಿಬ್ಬರ ತಾಯಿ ತೀರಿಕೊಂಡಾಗ ತಂತಿ ತಡವಾಗಿ ಮುಟ್ಟಿ, ಅಕ್ಕ ಮಣ್ಣಿಗೂ ಬರಲಾಗಿರಲಿಲ್ಲ. ಅಕ್ಕ ತಂಗಿ ಇನ್ನೂ ಕೂಡಿ ಅತ್ತಿರಲಿಲ್ಲ.

ರೈಲ್ವೆ ನೌಕರರಾದ ನಮಗೆ ಕೊಡುವ ಪುಕ್ಕಟೆ ಪಾಸಿನಲ್ಲಿ ನಡುವೆ ಇಳಿಯುವ ಊರುಗಳನ್ನು ಅರ್ಜಿಯಲ್ಲೇ ಬರೆಯಬೇಕು. ಬರೆಯದ ಊರಲ್ಲಿ ಉಳಿಯುವಂತಿಲ್ಲ. ಭುಸಾವಳದ ಬಿಸಿಲೂ ವಾಡಿಯ ಬಿಸಿಲೇ, ಆ ಎರಡು ದಿನ ಹಿಮದಲ್ಲಿ ಕಳೆಯಬಹುದು ಅಂದುಕೊಂಡೆ. ಭುಸಾವಳ ಬರೆಯಲಿಲ್ಲ.

"ಬರದೀರಿಲ್ರಿ?" ಎಂದು ಅವಳು ದಿನಾ ಕೇಳುವಳು.

"ಬರದೀನಂತ ಎಷ್ಟು ಸಲ ಹೇಳ್ಲಿ!"

ಪಾಸು ಬಂತು. ಇಂಗ್ಲಿಷಿನಲ್ಲಿತ್ತು, ಅವಳಿಗೆ ಓದಲು ಬರುತ್ತಿರಲಿಲ್ಲ. ಆಫೀಸಿನವರೇ ಆ ಊರು ತೆಗೆದರೆಂದು ಹೇಳೋಣವೆಂದು ಬಾಯಿ ತೆರೆದಾಗಲೆಲ್ಲ ಅವಳು ಅಕ್ಕನಿಗಾಗಿ ಶೇಂಗಾ ಹುರಿಯುತ್ತಲೋ ಖಾರ ಕುಟ್ಟುತ್ತಲೋ ಇರುವಳು. ಅಕ್ಕನ ಕಾಗದವೂ ಬಂತು: ಸ್ಟೇಷನ್ನಿಗೆ ಬರುತ್ತೇನೆ ಎಂದು.

ಹೊರಡಲು ಮೂರು ದಿನವಿದ್ದಾಗ ಪಾಸಿನ ಗುಮಾಸ್ತ ಚಹಾಕ್ಕೆ ಬಂದ.

"ವೈನಿ, ಬರಾಗ ನಮಗೊಂದು ಗಡಗಿ ಹಿಮ ತರ್ರಿ!"

"ಹಿಮ ಕಡೀಗಿ ನೋಡೋಣ. ಮೊದಲ ಭುಸಾವಳದಾಗ ಇಳೀತೀನಿ."

"ಭುಸಾವಳ? ಅದು ಅರ್ಜಿಯೊಳಗ ಇರಲೇ ಇಲ್ಲಲ್ರಿ" ಎಂದು ಅವನು ನನ್ನ ಕಡೆ ನೋಡಿದ. ನಾನು ಬಸಿಯೊಳಗಿನ ಚಹಾ ಊದುತ್ತ ಕುಳಿತೆ. ಅವನು ಅರ್ಧ ಕಪ್ಪು ಬಿಟ್ಟು ಎದ್ದುಹೋದ.

ಅವಳು ಬೈಯಲಿಲ್ಲ. ಸಂಜೆ ಕಸ ಗುಡಿಸುತ್ತ, "ಭುಸಾವಳಕ್ಕ ನನಗೊಂದು ಟಿಕೀಟು ತಗೊಂಡು ಬರ್ರಿ. ನೀವು ಹಿಮ ನೋಡಿ ಬರ್ರಿ" ಅಂದಳು.

ಆಗಲೂ ತಪ್ಪಾಯಿತೆನ್ನಬಹುದಿತ್ತು. ಟಿಕೀಟು ತಂದೆ. ಒಂದೇ ಗಾಡಿಯಲ್ಲಿ ಎದುರುಬದುರು ಕುಳಿತು ಹೋದೆವು.

ಭುಸಾವಳದಲ್ಲಿ ಗಾಡಿ ಭಾಳ ಹೊತ್ತು ನಿಂತಿತು. ಅಕ್ಕ ತಂಗಿ ಪ್ಲಾಟ್‌ಫಾರ್ಮಿನಲ್ಲೇ ತಬ್ಬಿಕೊಂಡು ದನಿ ತೆಗೆದು ಅತ್ತರು. ಆಮೇಲೆ ಅಕ್ಕ ನನ್ನ ಕಿಟಕಿಯ ಹತ್ತಿರ ಬಂದು, "ಬುತ್ತಿ ತಂದೀನ್ರಿ, ಇಳದು ಬರ್ರಿ, ಒಂದು ತುತ್ತು ಉಂಡು ಹೋಗೀರಿ" ಎಂದು ಕರೆದಳು. ನಾನು ಕಣ್ಣು ಮುಚ್ಚಿ ತಲೆ ವಾಲಿಸಿದ್ದೆ.

"ನಿದ್ದಿ ಹತ್ತ್ಯದ, ಎಬ್ಬಿಸಬ್ಯಾಡಕ್ಕಾ" ಅಂದಳು ನನ್ನ ಹೆಂಡತಿ.

ನಿದ್ದೆ ಹತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಮುಂದೆ ಎಷ್ಟೋ ವರ್ಷ ಕೂಡಿ ಬಾಳಿದರೂ ನಾನು ಕೇಳಲಿಲ್ಲ.