ಲಕ್ಕಿ ಬೇಲಿಯ ಹುಳು

ಶಿವೂ, ಗಂಗವ್ವಾ, ಸುಡುವ ಬಿಸಿಲಿನಲ್ಲಿ ಕೊಡೆಯನ್ನು ತಲೆಕೆಳಗಾಗಿ ಹಿಡಿದು ನಿಂತ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಈ ಮನೆಗೆ ಸೊಸೆಯಾಗಿ ಬಂದ ಹೊಸದು. ಹಂಸಭಾವಿ ಹತ್ತಿರದ ನಮ್ಮ ಹೊಲದ ಬೇಲಿಯಲ್ಲಿ ಆ ಅಪರಿಚಿತರು ಲಕ್ಕಿ ಗಿಡದ ಕೆಳಗೆ ಕೊಡೆ ಹಿಡಿದು, ಕೋಲಿನಿಂದ ಟೊಂಗೆ ಬಡಿಯುತ್ತಿದ್ದರು. ಕೊಡೆಯೊಳಗೆ ಉದುರಿದ ಕಸಕ್ಕೆ ಮೂಗು ತಾಗಿಸಿ ಏನನ್ನೋ ಹುಡುಕುತ್ತಿದ್ದರು.

ತಮ್ಮ ಹೆಸರು ವಾಮನರಾವ್, ಧಾರವಾಡದಲ್ಲಿ ಕಾಲೇಜು ಮಾಸ್ತರ ಎಂದು ಅವರೇ ಹೇಳಿದರು. ಯಾರೂ ನಂಬಲಿಲ್ಲ, ಜೋಳದ ಪತ್ತೆಗೆ ಬಂದ ಸರಕಾರದವರೆಂದುಕೊಂಡರು. ಸರಕಾರದವರು ಮನೆ ಹೊಕ್ಕು, ಲೆವಿ, ಅಂದರೆ ಸರಕಾರದ ಕಡ್ಡಾಯ ಪಾಲು ಎಂದು ಜೋಳ ಎತ್ತಿಸುತ್ತಿದ್ದ ಕಾಲ ಅದು. ನಮ್ಮ ವರ್ಷದ ಜೋಳವೆಲ್ಲ ಅಂಗಳದ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ ಇತ್ತು. ಅದರ ಬಾಯಿಯ ಮೇಲೆ ನಮ್ಮ ಅತ್ತೆ ಸಗಣಿ ಕುಳ್ಳು ಒಟ್ಟಿದ್ದರು.

ನೀರು ಕೇಳಿ ಬಂದವರನ್ನು ಉಣ್ಣಿಸದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ರೊಟ್ಟಿ ಮುರಿಯುತ್ತ ಅವರು ಕೇಳಿದರು, “ಅವ್ವಾರ, ನುಸಿ ಹತ್ತಿದ ಜ್ವಾಳ ಇದ್ರ ಒಂದೀಟು ತೋರಸ್ರಿ.”

“ಜ್ವಾಳನ ಇಲ್ಲ, ನುಸಿ ಎಲ್ಲಿಂದ ತರೂಣ್ರಿ?” ಎಂದರು ಅತ್ತೆ.

“ಮತ್ತ ಈ ರೊಟ್ಟಿ?”

“ಬೀಗರ ಮನಿವು. ಸುಮ್ನ ತಿನ್ರಿ.”

ಅವರು ನಕ್ಕು, ಕಿಸೆಯಿಂದ ಗಾಜಿನ ಶೀಶೆ, ಭೂತಗನ್ನಡಿ ತೆಗೆದರು. ಅತ್ತೆಯ ಹೆಗಲ ಹಿಂದಿನಿಂದ ನಾನೂ ಇಣುಕಿದೆ. ಎಳ್ಳಿಗಿಂತ ಸಣ್ಣ ಹುಳು. ಬೂದಿ ಬಳಿದಂಥ ಮೈ, ಬಾಗಿದ ಸೊಂಡಿ.

“ನಿಮ್ಮ ನುಸಿ ಬಳಗದ್ದ ಇದು. ಇನ್ನೂತನ ಯಾರೂ ಬರದಿಟ್ಟಿಲ್ಲ. ಆದ್ರ ಬರೇ ಹೆಣ್ಣು ಸಿಕ್ಕಾವು. ಗಂಡು ಸಿಗದ ಇದು ಹೊಸಾದು ಅಂತ ಯಾರೂ ಒಪ್ಪಂಗಿಲ್ಲ. ಲಕ್ಕಿ ಹೂ ಬಿಟ್ಟಾಗ ಮತ್ತ ಬರ್ತೇನಿ.”

ಮತ್ತೆ ಬರುತ್ತೇನೆ ಎಂದದ್ದೇ ಎಡವಟ್ಟಾಯಿತು. “ಊರಾಗ ಕನ್ಯಾಕ್ಕ ಗಂಡು ಸಿಗವಲ್ದು, ಇವಾ ಹುಳಕ್ಕ ಗಂಡು ಹುಡಕ್ತಾನಂತ!” ಎಂದ ನಿಮ್ಮ ಅಜ್ಜ, ಬರಲು ನೆಪವೇ ಇಲ್ಲದಂತೆ ಲಕ್ಕಿ ಬೇಲಿಯನ್ನು ಬುಡಸಹಿತ ಕಡಿಸಿ ಕಳ್ಳಿ ಹಚ್ಚಿಸಿದರು.

ಮಳೆಗಾಲದಲ್ಲಿ ವಾಮನರಾಯರು ಬಂದೇಬಿಟ್ಟರು. “ಲಕ್ಕಿ ಎಲ್ಲಿ ಹೋತ್ರಿ, ಗೌಡ್ರ?”

“ನೆಳ್ಳಿಗೆ ಪೈರು ಏಳವಲ್ದಾಗಿತ್ರಿ. ಕಡದ್ವಿ,” ಎಂದರು ನಿಮ್ಮ ಅಜ್ಜ.

ಅವರು ಕೊಡೆ ಮಡಚಿ ಬದುವಿನ ಮೇಲೆ ಕುಸಿದು ಕುಳಿತರು. “ಹಾನಗಲ್ಲ, ಶಿಗ್ಗಾಂವಿ, ಸವಣೂರ, ಎಲ್ಲಾ ಬಡದ ಬಂದೇನ್ರಿ. ಎಲ್ಲ್ಯೂ ಇಲ್ಲ” ಎಂದರು.

ಮಜ್ಜಿಗೆ ತಂದಿದ್ದ ನಾನು ಪರ ಗಂಡಸಿನೆದುರು ಎಂದೂ ಬಾಯಿ ಬಿಟ್ಟವಳಲ್ಲ. ಅಂದು ಬಿಟ್ಟೆ. “ರಟ್ಟೀಹಳ್ಳಿ ಕಡೆ ನಮ್ಮಪ್ಪನ ಹೊಲದ ಹಳ್ಳದಾಗ ಲಕ್ಕಿ ಭಾಳ ಅದಾವ್ರಿ.”

ಅವರು ಅತ್ತ ಹೋದದ್ದೇ ತಡ, ನಿಮ್ಮ ಅಜ್ಜ ಗುಡುಗಿದರು: “ನಿಮ್ಮಪ್ಪನ ಹಗೇವಿಗೆ ದಾರಿ ತೋರಿಸಿದೆಲ್ಲ!”

ನನಗೂ ಅನುಮಾನ ಹೊಕ್ಕಿತು. ಆ ಕೊಡೆಯೊಳಗೆ ನಿಜಕ್ಕೂ ಹುಳುವೇ ಇತ್ತೇ, ನಮ್ಮನ್ನು ನಂಬಿಸುವ ಆಟವೇ? ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಅಪ್ಪ ಬರುವ ತನಕ ನಾನು ಸರಿಯಾಗಿ ಉಣ್ಣಲಿಲ್ಲ.

“ಆ ಮಾಸ್ತರ ಹಳ್ಳದಾಗಿಂದ ಒದರಿದಾ,” ಎಂದ ಅಪ್ಪ. “ಹಾವು ಕಡೀತು ಅಂತ ಓಡಿದ್ನಿ. ನೋಡಿದ್ರ ಕೊಡಿ ತೊಡಿಮ್ಯಾಲ ಇಟಗೊಂಡು ಕುಂತಾನ, ಕಣ್ಣಾಗ ನೀರು. ‘ಗೌಡ್ರ, ಗಂಡು ಸಿಕ್ತು’ ಅಂದಾ. ಊಟಾನೂ ಒಲ್ಲೆ ಅಂದು ಬಸ್ಸಿಗೆ ಓಡಿದಾ.”

ಜೋಳದ ಮಾತು ತೆಗೆದರೇ ಎಂದು ನಿಮ್ಮ ಅಜ್ಜ ಮತ್ತೆ ಮತ್ತೆ ಕೇಳಿದರು. ಅಪ್ಪ ಇಲ್ಲವೆಂದ. “ಮುಂದ ತಗೀತಾನ” ಎಂದರು ಇವರು.

ವಾಮನರಾಯರು ಮತ್ತೆ ಬರಲಿಲ್ಲ. ಆ ಹುಳುವಿಗೆ ಯಾವ ಹೆಸರಿಟ್ಟರೋ ತಿಳಿಯದು. ಅವರ ಬರಹದಲ್ಲಿ ನಿಮ್ಮ ಮುತ್ತಜ್ಜನ ಹಳ್ಳವಿರಬಹುದು, ಕಡಿದುಹೋದ ನಮ್ಮ ಬೇಲಿ ಇದ್ದೀತೋ ಇಲ್ಲವೋ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಮಕ್ಕಳೇ, ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ, ನಿಮ್ಮ ಹತ್ತಿರವೇ ಇರಲಿ.