ತೌರಿಗೆ ಬಂದ ಕೋಲಾರದವಳು

ನಮ್ಮ ಮನೆ ಓನರ್ ಅವರ ಬಲಗೈ ನಡುಬೆರಳಿನ ಗೆಣ್ಣಿನ ಮೇಲೆ ಕಡಲೆಕಾಳಿನಷ್ಟು ದಪ್ಪದ ಒಂದು ಜಡ್ಡು ಇತ್ತು. ಬರೆದು ಬರೆದು ಆಗುವ ಜಡ್ಡು ಬೆರಳಿನ ತುದಿಯ ಪಕ್ಕದಲ್ಲಿರುತ್ತದೆ; ನಾನು ಟೀಚರ್ ಕೆಲಸದವಳು, ನನಗೆ ಗೊತ್ತು. ಇದು ತಟ್ಟಿ ತಟ್ಟಿ ಆದದ್ದು. ಬಾಗಿಲು, ಬೆಂಚು, ಬಸ್ಸಿನ ಸೀಟಿನ ಬೆನ್ನು, ಮದುವೆಮನೆಯ ಊಟದ ಮೇಜು, ಕಣ್ಣಿಗೆ ಬಿದ್ದ ಮರವನ್ನೆಲ್ಲ ಆ ಗೆಣ್ಣಿನಿಂದ ತಟ್ಟಿ, ತಲೆಯನ್ನು ಒಂದು ಕಡೆಗೆ ವಾಲಿಸಿ, ಒಳಗಿನಿಂದ ಯಾರಾದರೂ 'ಯಾರು?' ಎನ್ನುತ್ತಾರೇನೋ ಎಂಬಂತೆ ಕಾಯುತ್ತಿದ್ದರು.

ಎಪ್ಪತ್ತರ ದಶಕದ ಶುರುವಿನಲ್ಲಿ, ಮದುವೆಯಾದ ಹೊಸದರಲ್ಲಿ, ನಾನೂ ನನ್ನ ಯಜಮಾನರೂ ರಾಜಾಜಿನಗರದಲ್ಲಿ ಅವರ ಮನೆಯ ಹಿಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ನೋಡಲು ಹೋಗಿದ್ದೆವು. ಬೇರೆ ಓನರುಗಳು ಗೋಡೆಗೆ ಮೊಳೆ ಹೊಡೀಬೇಡಿ, ಈರುಳ್ಳಿ ಬೆಳ್ಳುಳ್ಳಿ ಹಾಕಬೇಡಿ, ನೆಂಟರನ್ನು ಇಟ್ಟುಕೊಳ್ಳಬೇಡಿ ಎಂದು ಕರಾರು ಹಾಕುತ್ತಿದ್ದ ಕಾಲ. ಇವರದು ಒಂದೇ ಕರಾರು. "ಸಾಯಂಕಾಲ ಆರು ಗಂಟೆಯಿಂದ ಏಳು ಗಂಟೆ ತನಕ ಒರಳು ತಿರುಗಿಸ್ಬಾರ್ದು ಟೀಚರಮ್ಮ. ಮಿಕ್ಕಿದ್ದು ನಿಮ್ಮಿಷ್ಟ."

ನನ್ನ ನಾಲಿಗೆ ಆಗಲೂ ಉದ್ದ. "ಹಾಗಾದ್ರೆ ದೋಸೆಹಿಟ್ಟು ನೀವೇ ರುಬ್ಬಿಕೊಡಿ ಸಾರ್" ಎಂದುಬಿಟ್ಟೆ. ಯಜಮಾನರು ಹಿಂದಿನಿಂದ ನನ್ನ ಸೆರಗು ಜಗ್ಗಿದರು. ಓನರ್ ಮಾತ್ರ ನಕ್ಕು, ಅಲ್ಲೇ ಇದ್ದ ಬಾಗಿಲನ್ನು ಒಮ್ಮೆ ತಟ್ಟಿ, "ಇದು ಹಲಸು. ಗಟ್ಟಿ ಇದೆ, ನಿಮ್ಮ ಮಾತಿನ ಥರ" ಎಂದರು. ಮನೆ ಸಿಕ್ಕಿತು.

ಆರರಿಂದ ಏಳರವರೆಗೆ ಏನು ನಡೆಯುತ್ತದೆ ಎಂಬುದು ಒಂದು ವಾರದಲ್ಲಿ ತಿಳಿಯಿತು. ಮೆಜೆಸ್ಟಿಕ್ ಕಡೆಯ ಬ್ಯಾಂಕೊಂದರಲ್ಲಿ ಅವರು ಆಫೀಸರು. ವಯಸ್ಸು ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವರು ಮತ್ತು ಅವರ ತಾಯಿ, ಇಬ್ಬರೇ. ಜೊತೆಗೆ ನಡುಮನೆಯ ಪಕ್ಕದ ಕೋಣೆಯಲ್ಲಿ ಕರಿ ಪೆಟ್ಟಿಗೆಗಳೊಳಗೆ ಮಲಗಿದ್ದ ಐದಾರು ಗಿಟಾರುಗಳು. ದಿನಕ್ಕೊಂದರಂತೆ ಹೊರಗೆ ತೆಗೆದು, ಮೆತ್ತನೆ ಬಟ್ಟೆಯಿಂದ ಒರೆಸಿ, ಒಂದು ತಂತಿ ಮೀಟಿ, ಅದರ ಸದ್ದು ಪೂರ್ತಿ ಆರುವವರೆಗೆ ಕೂತಿರುತ್ತಿದ್ದರು. ಆಮೇಲೆ ಇನ್ನೊಂದು ತಂತಿ. ಪೂರ್ತಿ ಒಂದು ಹಾಡು ನುಡಿಸಿದ್ದನ್ನು ನಾನು ಕೇಳಲೇ ಇಲ್ಲ.

"ಅಲ್ಲ ಸಾರ್, ಇಷ್ಟು ಇಟ್ಕೊಂಡು ನೆಟ್ಟಗೆ ಒಂದು ಹಾಡು ಬಾರಿಸಲ್ವಲ್ಲ ನೀವು?" ಎಂದು ಕೇಳಿದ್ದೆ.

"ಬಾರಿಸೋರು ಊರು ತುಂಬ ಇದಾರೆ ಟೀಚರಮ್ಮ. ಕೇಳೋರೂ ಬೇಕಲ್ಲ" ಎಂದರು. "ಬನ್ನಿ, ಇಲ್ಲಿ ಕೂತ್ಕೊಳಿ. ಸದ್ದು ಎಲ್ಲಿ ಮುಗೀತು ಅಂತ ಕೈ ಎತ್ತಿ ಹೇಳಿ."

ನಾನು ಬೇಗ ಕೈ ಎತ್ತಿದೆ. ಅವರು ಎತ್ತಲಿಲ್ಲ. ಇನ್ನೂ ಇದೆ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದರು. ಎರಡನೆಯ ಸಲ ನಾನೂ ಸ್ವಲ್ಪ ತಡೆದೆ. ಒಂದು ತಿಂಗಳು ಹೀಗೆ ಕೂತ ಮೇಲೆ, ಸದ್ದು ಆರಿತು ಎಂದುಕೊಂಡ ಆಚೆಗೂ ಮರದೊಳಗೆ ಏನೋ ಉಳಿದಿರುವುದು ನನಗೂ ಕೇಳತೊಡಗಿತು. ನಮ್ಮ ಕುಕ್ಕರಿನ ಸೀಟಿ ಎಷ್ಟು ಅನಾಗರಿಕ ಎಂಬುದೂ ಗೊತ್ತಾಯಿತು.

ಆ ಗಿಟಾರುಗಳು ಅಂಗಡಿಯಿಂದ ಬಂದವಲ್ಲ. ಆಸ್ಟ್ರೇಲಿಯಾಕ್ಕೋ ಇಂಗ್ಲೆಂಡಿಗೋ ಹೊರಟು ನಿಂತ ಆಂಗ್ಲೋ ಇಂಡಿಯನ್ ಮನೆಗಳವು. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಬಸ್ಸು ಹತ್ತಿ ದಂಡುಪ್ರದೇಶದ ಕಡೆಗೋ ವೈಟ್‌ಫೀಲ್ಡಿಗೋ ಹೋದರೆ ಇವರು ಬರುತ್ತಿದ್ದುದು ಸಾಯಂಕಾಲಕ್ಕೆ. ಯಾರದೋ ಅಜ್ಜ ಕ್ಲಬ್ಬಿನ ಬ್ಯಾಂಡಿನಲ್ಲಿ ನುಡಿಸಿದ್ದು, ಯಾರದೋ ತೀರಿಹೋದ ಅಣ್ಣನದು. ಹಡಗಿನಲ್ಲಿ ಒಯ್ಯಲಾರದೆ, ಕಂಡವರ ಕೈಗೆ ಕೊಡಲೂ ಮನಸ್ಸಿಲ್ಲದೆ ಆ ಜನ ಸಂಕಟಪಡುತ್ತಿದ್ದರಂತೆ. ಇವರು ಹೋಗಿ, ತಟ್ಟಿ, ತಲೆ ವಾಲಿಸಿ ಕೇಳುವುದನ್ನು ನೋಡಿದರೆ ಅವರಿಗೆ ಧೈರ್ಯ ಬರುತ್ತಿತ್ತು. ಬಂದದ್ದಕ್ಕೆಲ್ಲ ಊರಿನ ಹೆಸರು. ವೈಟ್‌ಫೀಲ್ಡಿನವಳು, ಫ್ರೇಜರ್ ಟೌನಿನವಳು. ಎಲ್ಲರಿಗಿಂತ ಹೆಚ್ಚು ಮುದ್ದಿನವಳು ಕೋಲಾರದವಳು. ಚಿನ್ನದ ಗಣಿಯ ಕಡೆಯ ಒಂದು ಹಳೇ ಬಂಗಲೆಯಿಂದ ಬಂದವಳು, ಜರ್ಮನಿಯಲ್ಲಿ ಕೈಯಿಂದಲೇ ಮಾಡಿದ್ದು. ಮುಂಭಾಗದ ಹಲಗೆ ಹೊಸ ಬೆಣ್ಣೆಯ ಬಣ್ಣಕ್ಕಿತ್ತು, ಒಂದು ಗೀರೂ ಇರಲಿಲ್ಲ. ಮೇಲೆ ಪಾಲಿಶ್ ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಪಾಲಿಶ್ ದಪ್ಪವಾದರೆ ಮರ ಬಾಯಿ ಬಿಡುವುದಿಲ್ಲ ಎನ್ನುತ್ತಿದ್ದರು.

ತಾಯಿಯನ್ನು ಬೀದಿಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಒಬ್ಬನೇ ಮಗನನ್ನು ಬೆಳೆಸಿದಾಕೆ. ಅವರಿಗೆ ಈ ಪೆಟ್ಟಿಗೆಗಳನ್ನು ಕಂಡರೆ ಆಗುತ್ತಿರಲಿಲ್ಲ. "ಒಬ್ಬಳು ಸೊಸೆ ತಾರೋ ಅಂದ್ರೆ ಐದಾರು ಪೆಟ್ಟಿಗೆ ತಂದು ಮಲಗಿಸಿದಾನೆ ನೋಡೇ" ಎಂದು ನನ್ನ ಬಳಿ ಗೊಣಗುತ್ತಿದ್ದರು. ಬೇಸಿಗೆಯಲ್ಲಿ ಮರ ಒಣಗಿ ಸೀಳಬಾರದೆಂದು ಓನರ್ ಸೋಪಿನ ಡಬ್ಬಿಗಳಿಗೆ ತೂತು ಮಾಡಿ, ಒದ್ದೆ ಸ್ಪಂಜು ತುಂಬಿ, ಒಂದೊಂದು ಪೆಟ್ಟಿಗೆಯಲ್ಲೂ ಇಡುತ್ತಿದ್ದರು. ದೊಡ್ಡಮ್ಮ ಅದನ್ನು ಕಂಡು, "ಹೆತ್ತೋಳಿಗೆ ಒಂದು ಲೋಟ ಪಾನಕ ಬೇಕಾ ಅಂತ ಕೇಳಲ್ಲ, ಪೆಟ್ಟಿಗೆಗೆ ನೀರು ಕುಡಿಸ್ತಾನೆ" ಎಂದಿದ್ದರು. ಆ ಸಂಜೆಯೇ ಮಗ ನಿಂಬೆಹಣ್ಣು ತಂದು ಪಾನಕ ಮಾಡಿಕೊಟ್ಟರು. ಬೆಲ್ಲ ಜಾಸ್ತಿಯಾಯಿತು ಎಂದು ಅದಕ್ಕೂ ಬೈಸಿಕೊಂಡರು.

ಒಂದು ಸಂಜೆ ದೊಡ್ಡಮ್ಮ ಅಕ್ಕಿ ಆರಿಸುತ್ತ ಕೂತಿದ್ದಾಗ ಓನರ್ ಕೋಲಾರದವಳನ್ನು ಬೋರಲು ಮಲಗಿಸಿ ಅದರ ಬೆನ್ನು ತೋರಿಸಿದರು. ಕಪ್ಪು ಕಂದು ಗೆರೆಗಳ ಮರ.

"ಅಮ್ಮಾ, ಇದೇನು ಹೇಳು?"

"ಬೀಟೆ ಅಲ್ವೇನೋ. ನಮ್ಮಪ್ಪನ ಮನೇಲಿ ಮಂಚ ಇತ್ತು."

"ಹ್ಞೂಂ, ನಮ್ಮ ಕಾಡಿನ ಬೀಟೆನೇ. ಇಲ್ಲಿಂದ ಹಡಗಲ್ಲಿ ಹೋಗಿ, ಅಲ್ಲಿ ಗಿಟಾರಾಗಿ, ಹಾಡೋದು ಕಲ್ತು ವಾಪಸ್ ಬಂದಿದೆ. ಇದು ಸೊಸೆ ಅಲ್ಲಮ್ಮ, ಹೆಣ್ಮಗಳು. ತೌರಿಗೆ ಬಂದಿದಾಳೆ."

ದೊಡ್ಡಮ್ಮ ಮೊರವನ್ನು ಕೆಳಗಿಟ್ಟರು. ಅವರಿಗೆ ಹೆಣ್ಣುಮಕ್ಕಳಿರಲಿಲ್ಲ. ಮೊದಲ ಸಲ, ಆ ಗಿಟಾರಿನ ಬೆನ್ನಿನ ಮೇಲೆ ಕೈಯಾಡಿಸಿದರು. ಅಂದಿನಿಂದ ಅದು ಪೆಟ್ಟಿಗೆ ಆಗಿ ಉಳಿಯಲಿಲ್ಲ. "ಕೋಲಾರದವಳನ್ನ ಬಿಸಿಲಿಗಿಡಬೇಡ್ವೋ" ಎಂದು ಅವರೇ ಹೇಳುವಂತಾದರು.

ದಂಡಿನ ಕಡೆ ಒಬ್ಬ ಡಾಕ್ಟರ್ ಇದ್ದರು. ಅವರಿಗೂ ಇದೇ ಹುಚ್ಚು. ಅವರ ಹತ್ತಿರ ಸ್ಪೇನ್ ದೇಶದ ಒಂದು ಗಿಟಾರಿತ್ತು. ನಮ್ಮ ಓನರ್ ಅದನ್ನು ಒಮ್ಮೆ ನೋಡಿದ್ದರಂತೆ, ಒಂದೇ ತಂತಿ ಮೀಟಿದ್ದರಂತೆ. ಆಮೇಲೆ ವರ್ಷಗಟ್ಟಲೆ ಅದೇ ಧ್ಯಾನ. ಅದರ ಮಾತು ಬಂದರೆ ತಟ್ಟೆಯಲ್ಲಿನ ಅನ್ನ ಆರಿಹೋಗುತ್ತಿತ್ತು. ಡಾಕ್ಟರಿಗೆ ಕೋಲಾರದವಳ ಮೇಲೆ ಕಣ್ಣು, ಅದೂ ಅದರ ಕಲೆಯಿಲ್ಲದ ಮುಖದ ಮೇಲೆ. ಕೊನೆಗೆ ಅದಕ್ಕೆ ಇದು, ಇದಕ್ಕೆ ಅದು ಎಂದು ಬದಲಾಯಿಸಿಕೊಳ್ಳುವುದಕ್ಕೆ ಇಬ್ಬರೂ ಒಪ್ಪಿದರು. ಆ ವಾರವೆಲ್ಲ ನಮ್ಮ ಓನರ್ ನಡೆದದ್ದು ನೆಲದ ಮೇಲಲ್ಲ. ಒಮ್ಮೆ ಕೋಲಾರದವಳ ಪೆಟ್ಟಿಗೆ ತೆರೆದು ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರು, ಮತ್ತೊಮ್ಮೆ ಬರಲಿರುವುದನ್ನು ನೆನೆದು ಶಿಳ್ಳೆ ಹಾಕುತ್ತಿದ್ದರು.

ಡಾಕ್ಟರ್ ಬರುವ ಭಾನುವಾರ ಕಾಫಿಗೆ ಕೈಸಹಾಯ ಮಾಡಲೆಂದು ನಾನು ಮುಂಭಾಗದ ಅವರ ಮನೆಗೆ ಹೋದೆ. ಓನರ್ ಬಿಸ್ಕತ್ತು ತರಲು ಅಂಗಡಿಗೆ ಹೋಗಿದ್ದರು. ಕೋಣೆಯಲ್ಲಿ ದೊಡ್ಡಮ್ಮ ಪೆಟ್ಟಿಗೆಯ ಮುಂದೆ ಕೂತಿದ್ದರು. ಪಕ್ಕದಲ್ಲಿ ಒಂದು ಹಳೆಯ ಕುಂಕುಮದ ಭರಣಿ. ನನ್ನನ್ನು ಕಂಡು ಗಾಬರಿಯಿಂದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಬೆರಳೆಲ್ಲ ಕೆಂಪು.

ಕೋಲಾರದವಳ ಮುಖದ ಮೇಲೆ ಅಗಲವಾಗಿ ಒದ್ದೆ ಅರಿಶಿನ, ಅದರ ಮೇಲೆ ಕುಂಕುಮ. ತಂತಿಗಳಡಿಯ ದುಂಡು ತೂತಿನೊಳಗೆ ಮಡಿಲಕ್ಕಿ, ಅಡಿಕೆ, ಒಂದು ಪುಟ್ಟ ಅಚ್ಚು ಬೆಲ್ಲ.

"ಹೆಣ್ಮಗಳು ತೌರಿಂದ ಹೊರಟಿದಾಳೆ ಕಣೇ, ಬರೀ ಮಡಿಲಲ್ಲಿ ಹೆಂಗೆ ಕಳಿಸೋದು?" ಎಂದರು. ಆಮೇಲೆ ದನಿ ತಗ್ಗಿಸಿ, "ಮನುಷ್ಯರಿಗಾದ್ರೆ ನನ್ನಂಥೋಳು ಇಡಬಾರದು ಅಂತಾರೆ. ಇವಳು ಬೇಡ ಅನ್ನಲ್ವಲ್ಲ" ಎಂದರು.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು, ಓನರ್ ಗೇಟಿನಲ್ಲೇ ಡಾಕ್ಟರನ್ನು ಎದುರುಗೊಂಡು ಕರೆತಂದರು. ದೊಡ್ಡಮ್ಮ ಅದರ ಮೇಲೆ ಒರೆಸುವ ಬಟ್ಟೆ ಹೊದಿಸಿ, ಪೆಟ್ಟಿಗೆ ಮುಚ್ಚಿ ಅಡುಗೆಮನೆಗೆ ಸರಿದರು.

ನಡುಮನೆಯಲ್ಲಿ ಕಾಫಿಯಾಯಿತು. ಸ್ಪೇನಿನ ಗಿಟಾರು ಆಗಲೇ ಓನರ್ ತೊಡೆಯ ಮೇಲಿತ್ತು. ಅವರು ಅದನ್ನು ಮೀಟಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದರು. ಮದುವೆಗಂಡಿನ ಮುಖದಲ್ಲೂ ಅಂಥ ಕಳೆ ನಾನು ಕಂಡಿಲ್ಲ. ಡಾಕ್ಟರ್ ಕೋಲಾರದವಳ ಪೆಟ್ಟಿಗೆ ತೆರೆದರು. ಬಟ್ಟೆಯ ಸಮೇತ ಎತ್ತಿದರೆ ಒಳಗೆ ಗಡಗಡ ಸದ್ದು. "ಏನ್ರೀ, ಒಳಗೆ ಏನೋ ಕಿತ್ತುಹೋಗಿದೆಯಲ್ರೀ" ಎಂದು ಬಗ್ಗಿಸಿದರು. ಬಟ್ಟೆ ಜಾರಿ, ಅಕ್ಕಿ ಸುರಿದು ಅವರ ಬೂಟಿನ ಮೇಲೆ ಬಿತ್ತು. ಹಿಂದೆಯೇ ಬೆಲ್ಲದಚ್ಚು. ಆಮೇಲೆ ಅವರು ಕೋಲಾರದವಳ ಮುಖ ನೋಡಿದರು. ಕರ್ಚೀಫು ತೆಗೆದು ಒರೆಸಿದರು. ಒರೆಸಿದಷ್ಟೂ ಕೆಂಪು ಹರಡಿತು, ಅರಿಶಿನ ಮರಕ್ಕೆ ಇಳಿದುಬಿಟ್ಟಿತ್ತು.

"ಯಾರ್ರೀ ಈ ಕೆಲಸ ಮಾಡಿದ್ದು? ಯಾರಿಗ್ರೀ ಬುದ್ಧಿ ಇಲ್ಲದೆ ಇರೋದು?"

ಓನರ್ ಒಮ್ಮೆ ಅವಳ ಮುಖವನ್ನು ನೋಡಿದರು, ಒಮ್ಮೆ ನೆಲದ ಮೇಲಿನ ಅಕ್ಕಿಯನ್ನು ನೋಡಿದರು. ಅಡುಗೆಮನೆಯ ಕಡೆ ನೋಡಲಿಲ್ಲ. ಅವರಿಗೆ ಎಲ್ಲ ಅರ್ಥವಾಗಿತ್ತು. "ಡಾಕ್ಟ್ರೇ, ದಯವಿಟ್ಟು ಇಂಗ್ಲಿಷಲ್ಲಿ ಮಾತಾಡಿ" ಎಂದರು ಮೆಲ್ಲಗೆ.

ಮುಂದಿನ ಬೈಗುಳವೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊನೆಗೆ ತೊಡೆಯ ಮೇಲಿದ್ದುದನ್ನು ತಾವೇ ಅದರ ಪೆಟ್ಟಿಗೆಯಲ್ಲಿ ಮಲಗಿಸಿ, ತಾವೇ ಹೊತ್ತು ಗೇಟಿನವರೆಗೆ ಹೋಗಿ, ಕಾರಿನ ಹಿಂದಿನ ಸೀಟಿನಲ್ಲಿಟ್ಟು ಬಂದರು.

ದೊಡ್ಡಮ್ಮ ಹೊರಗೆ ಬಂದಾಗ ಅವರು ನೆಲದ ಮೇಲೆ ಕೂತು ಅಕ್ಕಿ ಆಯುತ್ತಿದ್ದರು.

"ಯಾಕೋ? ಕಳಿಸಲಿಲ್ವೇನೋ?"

"ನೀನು ಹಿಂಗೆ ಮಡಿಲು ತುಂಬಿದ್ರೆ ಯಾವ ಹೆಣ್ಮಗಳು ಹೊರಡ್ತಾಳಮ್ಮ? ಅವಳಿಗೆ ಹೋಗಕ್ಕೆ ಮನಸ್ಸು ಬರ್ಲಿಲ್ಲ" ಎಂದರು.

ದೊಡ್ಡಮ್ಮನ ಮುಖ ಅರಳಿತು. ಮಾರನೆಯ ದಿನವೇ ಇಡೀ ಬೀದಿಗೆ ಸುದ್ದಿ ಹಬ್ಬಿಸಿದರು. ನಲ್ಲಿಯ ಹತ್ತಿರ ಓನರ್ ಸಿಕ್ಕಾಗ ನನಗೆ ತಡೆಯಲಾಗಲಿಲ್ಲ. "ಸಾರ್, ನೀವು ಕಳ್ಕೊಂಡಿದ್ದು ಏನು ಅಂತ ಅವರಿಗೂ ಗೊತ್ತಾಗಬೇಕು. ನೀವು ಹೇಳದೆ ಇದ್ರೆ ನಾನು ಹೇಳ್ತೀನಿ" ಎಂದೆ.

ಅವರು ನನ್ನನ್ನು ಬೈಯಬಹುದಿತ್ತು, ಬೈಯಲಿಲ್ಲ. "ಟೀಚರಮ್ಮ, ನಮ್ಮಪ್ಪ ಹೋದಾಗ ನನಗೆ ನಾಲ್ಕು ವರ್ಷ. ಅಮ್ಮನ ಆ ಕುಂಕುಮದ ಭರಣಿ ಅವತ್ತು ಟ್ರಂಕಿನ ಅಡಿಗೆ ಹೋಗಿದ್ದು. ನೆಂಟರ ಮನೆ ಹೆಣ್ಮಕ್ಕಳು ಬಂದು ಹೋಗುವಾಗ ಕುಂಕುಮ ಕೊಡೋಕೆ ಪಕ್ಕದ ಮನೆಯೋರನ್ನ ಕರೀತಿದ್ಲು, ತಾನು ಒಳಗೆ ನಿಂತ್ಕೋತಿದ್ಲು. ಈಗ ಒಬ್ಬಳು ಸಿಕ್ಕಿದಾಳೆ ಅವಳ ಕೈಗೆ. ಅದು ತಪ್ಪಾಯ್ತು ಅಂತ ಹೆಂಗೆ ಹೇಳಲಿ?" ಎಂದರು. ನಲ್ಲಿ ನಿಲ್ಲಿಸಿ, "ಹೇಳಬೇಡಿ" ಎಂದರು. ನಾನು ಹೇಳಲಿಲ್ಲ.

ಆ ಕಲೆ ಹಾಗೇ ಉಳಿಯಿತು. ಕಾಮಾಕ್ಷಿಪಾಳ್ಯದಲ್ಲಿ ಪೀಠೋಪಕರಣಕ್ಕೆ ಪಾಲಿಶ್ ಹಾಕುವವನೊಬ್ಬ ನವಿರಾಗಿ ಕೆರೆದು ತೆಗೆದುಕೊಡುತ್ತೇನೆ ಎಂದಿದ್ದ. ಕೆರೆದರೆ ಸದ್ದು ಬದಲಾಗುತ್ತದೆ ಎಂದು ಇವರು ನೆಪ ಹೇಳಿದರು. ಯಾರಾದರೂ ನೋಡಲು ಬಂದರೆ ಮೊದಲು ಅವಳನ್ನೇ ಹೊರಗೆ ತೆಗೆಯುತ್ತಿದ್ದರು. ಕಲೆಯ ಬಗ್ಗೆ ಕೇಳಿದವರಿಗೆ, "ಅದು ಕಲೆ ಅಲ್ಲ, ಕುಂಕುಮ. ಅಮ್ಮ ಇಟ್ಟಿದ್ದು" ಎನ್ನುತ್ತಿದ್ದರು. ಸ್ಪೇನಿನದರ ಮಾತನ್ನು ಮತ್ತೆ ಅವರು ಎತ್ತಿದ್ದು ನನಗೆ ನೆನಪಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಗಿಟಾರುಗಳನ್ನು ಕೇಳಲು ಕಲಿಸಿದ್ದಕ್ಕೆ, ಬೆಳೆದದ್ದು ಈ ಮೌನಕ್ಕೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ದೊಡ್ಡಮ್ಮ ಹಾಸಿಗೆ ಹಿಡಿದರು. ಗಂಜಿ ಕುಡಿಸಲು ನಾನು ಹೋಗುತ್ತಿದ್ದೆ. ಒಂದು ಮಧ್ಯಾಹ್ನ, ಮಗ ಬ್ಯಾಂಕಿನಲ್ಲಿದ್ದ ಹೊತ್ತು, ನನ್ನ ಕೈ ಹಿಡಿದುಕೊಂಡು, "ಅವತ್ತು ನಾನು ಕೆಲಸ ಕೆಡಿಸಿದೆ ಅಲ್ವೇನೇ?" ಎಂದರು.

"ಯಾವತ್ತು ದೊಡ್ಡಮ್ಮ?"

"ನಾಟಕ ಆಡಬೇಡ. ಇಂಗ್ಲಿಷ್ ಬರಬೇಕೇನೇ ಅದಕ್ಕೆ? ಬಂದೋನು ತಂದಿದ್ದನ್ನ ವಾಪಸ್ ತಗೊಂಡು ಹೋದ. ಇವನು ಮಗೂನ ಹೊತ್ತಂಗೆ ಹೊತ್ಕೊಂಡು ಹೋಗಿ ಕಾರಲ್ಲಿಟ್ಟ. ಅಡುಗೆಮನೆ ಕಿಟಕಿಯಿಂದ ಎಲ್ಲ ಕಾಣ್ತಿತ್ತು."

"ಮತ್ತೆ ಬೀದಿ ತುಂಬ ಹೇಳ್ಕೊಂಡು ಬಂದ್ರಲ್ಲ?"

"ಇನ್ನೇನು ಮಾಡಲಿ? ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದಾನೆ, ನಾನು ನಂಬದೆ ಇದ್ರೆ ಹೆಂಗೆ?" ಎಂದು ಕಣ್ಣು ಮುಚ್ಚಿದರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. "ನನಗೆ ಗೊತ್ತಿತ್ತು ಅಂತ ಅವನಿಗೆ ಹೇಳಬೇಡ ಕಣೇ."

ದೊಡ್ಡಮ್ಮ ತೀರಿಕೊಂಡ ಮೇಲೆ ನಾವು ಸ್ವಂತ ಮನೆ ಕಟ್ಟಿಕೊಂಡು ಕೆಂಗೇರಿ ಉಪನಗರಕ್ಕೆ ಬಂದೆವು. ಓನರ್ ಆಗಾಗ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಕೊನೆಕೊನೆಗೆ ಅವರಿಗೆ ಬರಲಾಗದೆ ನಾನೇ ಹೋಗುತ್ತಿದ್ದೆ. ಅವರು ತೀರಿಕೊಳ್ಳುವುದಕ್ಕೆ ಕೆಲವು ದಿನ ಮುಂಚೆ ಹೋಗಿದ್ದಾಗ, ಮಂಚದ ಮೇಲೆ ಒರಗಿದ್ದರು. ಕಿವಿ ಅಷ್ಟಾಗಿ ಕೇಳುತ್ತಿರಲಿಲ್ಲ. ಹತ್ತಿರ ಕರೆದು ಕೂರಿಸಿಕೊಂಡರು.

"ಟೀಚರಮ್ಮ, ಒಂದು ಸಮಾಧಾನ ನನಗೆ. ಅಮ್ಮನಿಗೆ ಕೊನೆವರೆಗೂ ಗೊತ್ತಾಗಲೇ ಇಲ್ಲ, ಅಲ್ವಾ?"

ಮನಸ್ಸಿಗೆ ಬಂದದ್ದನ್ನು ಹೇಳದೆ ಬಿಟ್ಟವಳಲ್ಲ ನಾನು. ಮುಖ ನೋಡಿ ಸುಳ್ಳು ಹೇಳುವ ವಿದ್ಯೆಯಂತೂ ನನಗೆ ಬಂದದ್ದೇ ಇಲ್ಲ. ಅವರು ಕಾಯುತ್ತಿದ್ದರು.

"ಇಲ್ಲ ಸಾರ್" ಎಂದು ಅವರ ಕಿವಿಯ ಹತ್ತಿರ ಬಗ್ಗಿ, ಸ್ಪಷ್ಟವಾಗಿ ಕೇಳುವಂತೆ ಹೇಳಿದೆ. "ಗೊತ್ತಾಗಲೇ ಇಲ್ಲ."