ಮೊಳೆ ಕೂರಿಸುವವಳು

ಅಣ್ಣನ ಹೆಸರಿಗೆ ತಂಗಿ ದುಡಿದದ್ದು ಇಪ್ಪತ್ತಾರು ವರ್ಷ. ಹಳೆಯ ಪಿಯಾನೋಗಳ ರಿಪೇರಿ ಅಂಗಡಿಯ ಬೋರ್ಡಿನಲ್ಲಿ ಅಪ್ಪನ ಹೆಸರಿನ ಕೆಳಗೆ ‘ಮತ್ತು ಮಗ’ ಎಂದಷ್ಟೇ ಇತ್ತು. ನಲವತ್ತು ದಾಟುತ್ತಿದ್ದಂತೆ ಅಣ್ಣನ ಕಿವಿ ಮಂದವಾಯಿತು. ಮೇಲಿನ ಸ್ವರಗಳಂತೂ ಅವನ ಪಾಲಿಗೆ ಸತ್ತೇ ಹೋದವು. ಈ ಗುಟ್ಟು ತಂಗಿಗೆ ಮತ್ತು ಅತ್ತಿಗೆಗೆ ಮಾತ್ರ ಗೊತ್ತಿತ್ತು. ಅಂದಿನಿಂದ ಶ್ರುತಿ ಮಾಡುವವಳು ಇವಳು. ಕೊನೆಗೆ ಬಂದು ನಾಲ್ಕು ಕೀ ಒತ್ತಿ, “ಹ್ಞಾಂ, ಈಗ ಸರಿಹೋಯ್ತು” ಎಂದು ತಲೆದೂಗಿ ಶಹಬ್ಬಾಸ್ ಗಿಟ್ಟಿಸುವವನು ಅವನು.

ಅವರು ವರ್ಷಾನುಗಟ್ಟಲೆ ನೋಡಿಕೊಂಡು ಬಂದಿದ್ದ ಸಂಗೀತದ ಮೇಡಂ ಮನೆಯ ಪಿಯಾನೋಗೆ ತೊಂಬತ್ತು ತುಂಬಿತ್ತು. ತಂತಿ ಸುತ್ತಿದ ಮೊಳೆಗಳು ಕೂತಿದ್ದ ಹಲಗೆ ಒಣಗಿ, ತೂತುಗಳು ಅಗಲವಾಗಿ, ಬೆಳಿಗ್ಗೆ ಬಿಗಿದ ಶ್ರುತಿ ಸಂಜೆಗೆ ಜಾರುತ್ತಿತ್ತು. ತಂಗಿ ಒಂದೊಂದೇ ಮೊಳೆ ಬಿಚ್ಚಿ, ಅದಕ್ಕಿಂತ ಕೂದಲೆಳೆಯಷ್ಟೇ ದಪ್ಪದ ಹೊಸದನ್ನು ಕೂರಿಸುತ್ತ ಬಂದಳು. ಹತ್ತು ದಿನಕ್ಕೆ ಅರ್ಧ ಮುಗಿಯಿತು. ಹನ್ನೊಂದನೆಯ ದಿನ ಜ್ವರ ಬಂದು ಮಲಗಿದಳು. ಅಣ್ಣನಿಗೆ ಎಲ್ಲಿಲ್ಲದ ಆತುರ. ತಾನೇ ಹೋಗಿ, ಹಲಗೆಯ ಅಡಿಗೆ ಆಸರೆಯನ್ನೂ ಕೊಡದೆ, ಉಳಿದ ಮೊಳೆಗಳನ್ನು ಸುತ್ತಿಗೆಯಿಂದ ಬಡಿದು ಇಳಿಸಿದ. ಹಲಗೆ ಉದ್ದಕ್ಕೂ ಸೀಳಿತು.

ಜ್ವರ ಬಿಟ್ಟ ಮೇಲೆ ಚೀಲ ಹೆಗಲಿಗೇರಿಸಿ ಬಂದವಳಿಗೆ ಬಾಗಿಲಲ್ಲೇ ಅಣ್ಣನ ಮಾತು ಕೇಳಿಸಿತು.

“ನಮ್ ತಂಗಿ ಮಾಡಿದ ಎಡವಟ್ಟು ಮೇಡಂ. ಕೈಲಿ ಹಿಡಿತ ಇಲ್ಲ. ಪಾಪ ಅಂತ ಕೆಲಸ ಕೊಟ್ಟಿದ್ದೆ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಒಳಗೆ ಹೋಗಿ ಬಲತುದಿಯ ಕೀ ಒತ್ತಿದಳು.

“ಈ ಸ್ವರ ಹೇಗಿದೆ, ಹೇಳಣ್ಣ.”

“ಸರಿಯಾಗೇ ಇದೆಯಲ್ಲ.”

“ಇದಕ್ಕೆ ತಂತೀನೇ ಇಲ್ಲ. ಜ್ವರ ಬರೋ ಹಿಂದಿನ ದಿನ ನಾನೇ ಬಿಚ್ಚಿಟ್ಟಿದ್ದೆ.”

ಮೇಡಂ ಇಬ್ಬರ ಮುಖವನ್ನೂ ನೋಡಿದರು. “ಇಷ್ಟು ವರ್ಷ ಇಬ್ಬರೂ ಸೇರಿ ನನ್ನ ಕಿವಿ ಮೇಲೆ ಹೂವಿಟ್ರಾ? ಹೊರಡಿ, ಇಬ್ಬರೂ.”

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ವರ್ಷ ತುಂಬುವಷ್ಟರಲ್ಲಿ ಅಂಗಡಿಗೆ ಬೀಗ ಬಿತ್ತು. “ಅವರ ಮಾನಾನ ಬೀದಿಗೆ ತಂದ್ಯಲ್ಲೇ. ಈ ಬಾಯಿ ಇಷ್ಟು ದಿನ ಎಲ್ಲಿಟ್ಟಿದ್ದೆ?” ಎಂದಳು ಅತ್ತಿಗೆ. ಅಣ್ಣ ಮತ್ತೆ ಏಳು ವರ್ಷ ಬದುಕಿದ. ತಂಗಿಯೊಡನೆ ಒಂದೇ ಒಂದು ಮಾತೂ ಆಡಲಿಲ್ಲ. ಅವಳು ಆಸ್ಪತ್ರೆಗೆ ನೋಡಲು ಹೋದಾಗಲೂ ಗೋಡೆಯ ಕಡೆ ಹೊರಳಿ ಮಲಗಿದ.

ಈಗ ಅವಳು ಕುರ್ಚಿ ಕಾರ್ಖಾನೆಯಲ್ಲಿ ಸ್ಕ್ರೂ ಬಿಗಿಯುತ್ತಾಳೆ. ಕೆಲಸ ತುಂಬಾ ನಿಧಾನವೆಂದು ಮೇಸ್ತ್ರಿ ದಿನವೂ ರೇಗುತ್ತಾನೆ.